ಎಚ್‌ಟಿಟಿಪಿಎಸ್ ಪ್ರತಿಬಂಧ ಮತ್ತು ಪ್ರಮಾಣಪತ್ರ ದೋಷಗಳು

ಎಚ್‌ಟಿಟಿಪಿಎಸ್ ಪ್ರತಿಬಂಧ ಎಂದರೆ ಬಳಕೆದಾರನ ಬ್ರೌಸರ್ ಮತ್ತು ಜಾಲತಾಣದ ಸರ್ವರ್ ನಡುವಿನ ಗೂಢಲಿಪೀಕೃತ ಸಂಪರ್ಕವನ್ನು ಮೂರನೆಯ ತಂತ್ರಾಂಶ ಅಥವಾ ಉಪಕರಣವೊಂದು ನಡುವೆ ತಡೆದು, ಬಿಡಿಸಿ ಓದಿ, ಮತ್ತೆ ಗೂಢಲಿಪೀಕರಿಸಿ ಮುಂದಕ್ಕೆ ಕಳುಹಿಸುವ ಕ್ರಿಯೆ. ಆಂಟಿವೈರಸ್ ತಂತ್ರಾಂಶಗಳು, ಕಚೇರಿ ಮತ್ತು ಕಾಲೇಜುಗಳ ಫೈರ್‌ವಾಲ್‌ಗಳು, ಮಕ್ಕಳ ಬಳಕೆಯನ್ನು ನಿಯಂತ್ರಿಸುವ ತಂತ್ರಾಂಶಗಳು ದುರುದ್ದೇಶವಿಲ್ಲದೆಯೇ ಈ ವಿಧಾನವನ್ನು ಬಳಸುತ್ತವೆ. ಜಾಹೀರಾತು ತುರುಕುವ ತಂತ್ರಾಂಶಗಳು, ದತ್ತಾಂಶ ಕದಿಯುವವರು ಮತ್ತು ಕೆಲವು ಸರ್ಕಾರಗಳು ಬಳಸಿದ ವಿಧಾನವೂ ತಾಂತ್ರಿಕವಾಗಿ ಇದೇ ಆಗಿದೆ. ಪ್ರತಿಬಂಧ ಸರಿಯಾಗಿ ಹೊಂದಿಕೆಯಾಗದಿದ್ದಾಗ ಬ್ರೌಸರ್ “ನಿಮ್ಮ ಸಂಪರ್ಕವು ಖಾಸಗಿಯಾಗಿಲ್ಲ” ಎಂಬ ಅರ್ಥದ ಎಚ್ಚರಿಕೆಯನ್ನು ತೋರಿಸುತ್ತದೆ. ಇದನ್ನು ಸಾಮಾನ್ಯವಾಗಿ ಪ್ರಮಾಣಪತ್ರ ದೋಷ ಎನ್ನುತ್ತಾರೆ. ಎಚ್ಚರಿಕೆಯ ಹಿಂದಿರುವುದು ತನ್ನದೇ ಕಂಪ್ಯೂಟರಿನ ಆಂಟಿವೈರಸ್ಸೋ, ತಪ್ಪಿದ ಗಡಿಯಾರವೋ, ನಿಜವಾದ ದಾಳಿಯೋ ಎಂಬುದನ್ನು ಬಳಕೆದಾರ ಸಂದೇಶವನ್ನು ನೋಡಿದ ಮಾತ್ರಕ್ಕೆ ತಿಳಿಯಲಾರ.

== ಹಿನ್ನೆಲೆ ==

ಜಾಲತಾಣದ ವಿಳಾಸ “ಎಚ್‌ಟಿಟಿಪಿಎಸ್” ಎಂದು ಆರಂಭವಾದರೆ ಆ ಸಂಪರ್ಕವು ಟಿಎಲ್‌ಎಸ್ ಎಂಬ ನಿಯಮಾವಳಿಯ ರಕ್ಷಣೆಯಲ್ಲಿದೆ ಎಂದರ್ಥ. ಇದರ ಪೂರ್ವರೂಪವಾದ ಎಸ್‌ಎಸ್‌ಎಲ್ ಅನ್ನು ನೆಟ್‌ಸ್ಕೇಪ್ ಸಂಸ್ಥೆಯು 1990ರ ದಶಕದ ಮಧ್ಯದಲ್ಲಿ ರೂಪಿಸಿತು. ಟಿಎಲ್‌ಎಸ್‌ನ ಮೊದಲ ಆವೃತ್ತಿ 1999ರಲ್ಲಿ, 1.3ನೆಯ ಆವೃತ್ತಿ 2018ರ ಆಗಸ್ಟ್‌ನಲ್ಲಿ ಪ್ರಕಟವಾಯಿತು.

ಟಿಎಲ್‌ಎಸ್ ಎರಡು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದು, ಸಾಗುವ ಮಾಹಿತಿಯನ್ನು ದಾರಿಯಲ್ಲಿರುವವರು ಓದದಂತೆ ಮತ್ತು ತಿದ್ದದಂತೆ ಕಾಯುವುದು. ಎರಡನೆಯದು, ಆಚೆಯ ತುದಿಯಲ್ಲಿರುವುದು ಬಳಕೆದಾರ ಬಯಸಿದ ಜಾಲತಾಣವೇ ಎಂದು ಖಚಿತಪಡಿಸುವುದು. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಬೆಲೆಯಿಲ್ಲ. ವಂಚಕನೊಡನೆ ಗುಟ್ಟಾಗಿ ಮಾತನಾಡಿದರೂ ಗುಟ್ಟು ವಂಚಕನಿಗೇ ಸೇರುತ್ತದೆ.

ಗುರುತನ್ನು ಖಚಿತಪಡಿಸುವ ಸಾಧನವೇ ಪ್ರಮಾಣಪತ್ರ. ಜಾಲತಾಣದ ಹೆಸರು, ಅದರ ಸಾರ್ವಜನಿಕ ಕೀಲಿ, ಮಾನ್ಯತೆಯ ಅವಧಿ ಮತ್ತು ಪತ್ರವನ್ನು ನೀಡಿದ ಪ್ರಮಾಣೀಕರಣ ಪ್ರಾಧಿಕಾರದ ಡಿಜಿಟಲ್ ಸಹಿ ಇದರಲ್ಲಿರುತ್ತವೆ. ಪ್ರಾಧಿಕಾರದ ಪ್ರಮಾಣಪತ್ರಕ್ಕೆ ಇನ್ನೊಂದು ಹಿರಿಯ ಪ್ರಮಾಣಪತ್ರದ ಸಹಿ ಇರುತ್ತದೆ. ಹೀಗೆ ಸಾಗುವ ಸರಪಳಿಯ ಕೊನೆಯಲ್ಲಿ ತನಗೆ ತಾನೇ ಸಹಿ ಮಾಡಿಕೊಂಡ ಮೂಲ ಪ್ರಮಾಣಪತ್ರವಿರುತ್ತದೆ. ವಿಂಡೋಸ್, ಆಂಡ್ರಾಯ್ಡ್, ಮ್ಯಾಕ್ ಮೊದಲಾದ ಕಾರ್ಯಾಚರಣಾ ವ್ಯವಸ್ಥೆಗಳು ತಾವು ನಂಬುವ ಮೂಲ ಪ್ರಮಾಣಪತ್ರಗಳ ಪಟ್ಟಿಯನ್ನು ಇಟ್ಟುಕೊಂಡಿರುತ್ತವೆ. ಫೈರ್‌ಫಾಕ್ಸ್ ತನ್ನದೇ ಆದ ಪ್ರತ್ಯೇಕ ಪಟ್ಟಿಯನ್ನು ಹೊಂದಿದೆ. ಸರಪಳಿಯು ಪಟ್ಟಿಯಲ್ಲಿರುವ ಯಾವುದಾದರೊಂದು ಮೂಲಕ್ಕೆ ತಲುಪಿದರೆ ಮಾತ್ರ ಬ್ರೌಸರ್ ಪುಟವನ್ನು ತೆರೆಯುತ್ತದೆ.

=== ಮುದ್ರೆಯ ಹೋಲಿಕೆ ===

ಈ ವ್ಯವಸ್ಥೆಯ ಬಲ ಮತ್ತು ದೌರ್ಬಲ್ಯಗಳೆರಡನ್ನೂ ಹಳೆಯ ಕಾಲದ ರಾಜಮುದ್ರೆಯ ಪದ್ಧತಿಯಿಂದ ತಿಳಿಯಬಹುದು. ಬಹಮನಿ ರಾಜ್ಯದ ವಜೀರನಾಗಿದ್ದ ಮಹಮೂದ್ ಗಾವಾನನು ಬೀದರ್ ನಗರದಲ್ಲಿ 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ಉಳಿದಿದೆ. ಫರಿಷ್ತಾನ ಕಥನದಂತೆ, ಗಾವಾನನ ವಿರೋಧಿಗಳು ಅವನ ಮುದ್ರೆಯನ್ನು ಕಾಯುತ್ತಿದ್ದ ಸೇವಕನನ್ನು ಒಳಹಾಕಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿದರು. ಅದರ ಮೇಲೆ ಒಡಿಶಾದ ಅರಸನಿಗೆ ದ್ರೋಹದ ಪತ್ರವನ್ನು ಬರೆದು ಸುಲ್ತಾನ ಮೂರನೆಯ ಮುಹಮ್ಮದನಿಗೆ ತೋರಿಸಿದರು. ಮುದ್ರೆ ನಿಜವಾದುದರಿಂದ ಸುಲ್ತಾನನು ಪತ್ರವನ್ನೂ ನಿಜವೆಂದು ನಂಬಿದನು. 1481ರ ಏಪ್ರಿಲ್‌ನಲ್ಲಿ ಗಾವಾನನ ಶಿರಚ್ಛೇದವಾಯಿತು. ಪತ್ರ ಕೃತಕವೆಂಬುದು ಆಮೇಲೆ ತಿಳಿಯಿತು.

ಇಲ್ಲಿ ಮುದ್ರೆಯನ್ನು ಯಾರೂ ನಕಲು ಮಾಡಲಿಲ್ಲ. ಮುದ್ರೆ ಇದ್ದ ಕೈ ಮಾತ್ರ ಬದಲಾಯಿತು. ಪ್ರಮಾಣಪತ್ರಗಳಲ್ಲಿಯೂ ಹೀಗೆಯೇ. ಡಿಜಿಟಲ್ ಸಹಿಯ ಗಣಿತವನ್ನು ಮುರಿಯುವುದು ಬಹು ಕಷ್ಟ, ಆದರೆ ನಂಬಿಕೆಗೆ ಪಾತ್ರವಾದ ಮೂಲ ಪ್ರಮಾಣಪತ್ರದ ಖಾಸಗಿ ಕೀಲಿ ಯಾರ ಬಳಿ ಇದೆಯೋ ಅವರು ಯಾವ ಜಾಲತಾಣದ ಹೆಸರಿನಲ್ಲಾದರೂ “ನಿಜವಾದ” ಪತ್ರವನ್ನು ಸೃಷ್ಟಿಸಬಲ್ಲರು.

== ಕಾರ್ಯವಿಧಾನ ==

ಇಂದು ಬಹುತೇಕ ಜಾಲತಾಣಗಳು ಎಚ್‌ಟಿಟಿಪಿಎಸ್ ಬಳಸುತ್ತವೆ. ಆದುದರಿಂದ ಸಾಗುವ ಮಾಹಿತಿಯಲ್ಲಿ ವೈರಸ್ ಇದೆಯೇ ಎಂದು ಜಾಲದ ಹಂತದಲ್ಲಿಯೇ ನೋಡಬಯಸುವ ಭದ್ರತಾ ತಂತ್ರಾಂಶಕ್ಕೆ ಗೂಢಲಿಪಿಯೇ ಅಡ್ಡಿಯಾಗುತ್ತದೆ. ಇದನ್ನು ದಾಟಲು ಅದು ಮುಂದಿನ ಕ್ರಮಗಳನ್ನು ಅನುಸರಿಸುತ್ತದೆ.

# ಅನುಸ್ಥಾಪನೆಯ ವೇಳೆ ತಂತ್ರಾಂಶವು ತನ್ನದೇ ಆದ ಮೂಲ ಪ್ರಮಾಣಪತ್ರವನ್ನು ಸೃಷ್ಟಿಸಿ, ಕಂಪ್ಯೂಟರಿನ ನಂಬಿಕೆಯ ಪಟ್ಟಿಗೆ ಸೇರಿಸುತ್ತದೆ.
# ಬ್ರೌಸರ್ ಒಂದು ಜಾಲತಾಣಕ್ಕೆ ಸಂಪರ್ಕ ಕೋರಿದಾಗ ತಂತ್ರಾಂಶವು ಅದನ್ನು ತಡೆದು, ತಾನೇ ಆ ಸರ್ವರಿನೊಡನೆ ಸಂಪರ್ಕ ಸಾಧಿಸುತ್ತದೆ.
# ಸರ್ವರಿನ ನಿಜವಾದ ಪ್ರಮಾಣಪತ್ರವನ್ನು ತಾನು ಪರಿಶೀಲಿಸುತ್ತದೆ, ಅಥವಾ ಪರಿಶೀಲಿಸಬೇಕು.
# ಅದೇ ಜಾಲತಾಣದ ಹೆಸರಿನಲ್ಲಿ ತತ್‌ಕ್ಷಣ ಇನ್ನೊಂದು ಪ್ರಮಾಣಪತ್ರವನ್ನು ತಯಾರಿಸಿ, ತನ್ನ ಮೂಲದ ಸಹಿ ಹಾಕಿ ಬ್ರೌಸರಿಗೆ ಒಪ್ಪಿಸುತ್ತದೆ.
# ಎರಡು ಸಂಪರ್ಕಗಳ ನಡುವೆ ಬಿಡಿಸಿದ ಮಾಹಿತಿಯನ್ನು ಪರೀಕ್ಷಿಸಿ ಮುಂದಕ್ಕೆ ಕಳುಹಿಸುತ್ತದೆ.

ಬಳಕೆದಾರನಿಗೆ ಕಾಣುವ ಬೀಗದ ಚಿಹ್ನೆಯು ಆಗ ಬ್ರೌಸರ್ ಮತ್ತು ಆಂಟಿವೈರಸ್ ನಡುವಿನ ಸಂಪರ್ಕವನ್ನಷ್ಟೇ ಸೂಚಿಸುತ್ತದೆ. ಆಂಟಿವೈರಸ್‌ನಿಂದ ಸರ್ವರ್‌ವರೆಗಿನ ಸಂಪರ್ಕ ಎಷ್ಟು ಭದ್ರವಾಗಿದೆ ಎಂಬುದು ಬ್ರೌಸರಿಗೂ ತಿಳಿಯುವುದಿಲ್ಲ. ಕಾಲೇಜು ಅಥವಾ ಕಚೇರಿಯ ಫೈರ್‌ವಾಲ್ ಕೂಡ ಇದೇ ಕೆಲಸವನ್ನು ಕಂಪ್ಯೂಟರಿನ ಹೊರಗೆ, ಜಾಲದ ಹೆಬ್ಬಾಗಿಲಿನಲ್ಲಿ ಮಾಡುತ್ತದೆ. ಅದರ ಮೂಲ ಪ್ರಮಾಣಪತ್ರವನ್ನು ಆ ಜಾಲದ ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ಆಡಳಿತಗಾರರು ಅಳವಡಿಸಿರಬೇಕಾಗುತ್ತದೆ.

== ದೋಷ ಸಂದೇಶಕ್ಕೆ ಕಾರಣಗಳು ==

ಮೂಲ ಪ್ರಮಾಣಪತ್ರ ಪಟ್ಟಿಯಲ್ಲಿಲ್ಲದಿರುವುದು ಮುಖ್ಯ ಕಾರಣ. ಆಂಟಿವೈರಸ್ ತನ್ನ ಮೂಲವನ್ನು ವಿಂಡೋಸ್‌ನ ಪಟ್ಟಿಗೆ ಸೇರಿಸಿ ಫೈರ್‌ಫಾಕ್ಸ್‌ನ ಪಟ್ಟಿಗೆ ಸೇರಿಸದಿದ್ದರೆ, ಕ್ರೋಮ್‌ನಲ್ಲಿ ಎಲ್ಲ ಪುಟಗಳೂ ತೆರೆಯುತ್ತವೆ, ಫೈರ್‌ಫಾಕ್ಸ್‌ನ ಹಳೆಯ ಆವೃತ್ತಿಗಳಲ್ಲಿ ಮಾತ್ರ ದೋಷ ಕಾಣುತ್ತದೆ. ಆಗ “ಸೆಕ್ ಎರರ್ ಅನ್‌ನೋನ್ ಇಷ್ಯೂಯರ್”, ಅಂದರೆ ಪತ್ರ ನೀಡಿದವರು ಅಪರಿಚಿತರು ಎಂಬ ಸಂಕೇತ ಬರುತ್ತದೆ. ಕ್ರೋಮ್‌ನಲ್ಲಿ ಇದಕ್ಕೆ ಸಮಾನವಾದುದು “ಎರರ್ ಸರ್ಟ್ ಅಥಾರಿಟಿ ಇನ್‌ವ್ಯಾಲಿಡ್”. ಆಂಟಿವೈರಸ್‌ನ ಅವಧಿ ಮುಗಿದಾಗ, ಅದನ್ನು ಅರೆಬರೆಯಾಗಿ ತೆಗೆದುಹಾಕಿದಾಗ, ಒಂದೇ ಕಂಪ್ಯೂಟರಿನಲ್ಲಿ ಎರಡು ಆಂಟಿವೈರಸ್‌ಗಳಿದ್ದಾಗ ಹಾಗೂ ಬ್ರೌಸರ್ ಅಥವಾ ಆಂಟಿವೈರಸ್ ಪರಿಷ್ಕರಣೆಗೊಂಡ ಕೂಡಲೇ ಇಂತಹ ದೋಷಗಳು ಕಾಣಿಸಿಕೊಳ್ಳುವುದುಂಟು.

ಪ್ರತಿಬಂಧಕ್ಕೆ ಸಂಬಂಧವಿಲ್ಲದ ಕಾರಣಗಳೂ ಇವೆ. ಅವುಗಳಲ್ಲಿ ಮುಖ್ಯವಾದವು:

* ಕಂಪ್ಯೂಟರಿನ ದಿನಾಂಕ ತಪ್ಪಿರುವುದು. ಹಳೆಯ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡಿನಲ್ಲಿರುವ ಚಿಕ್ಕ ಬ್ಯಾಟರಿ ಸೋತಿದ್ದರೆ, ವಿದ್ಯುತ್ ಹೋಗಿ ಬಂದೊಡನೆ ದಿನಾಂಕ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಆಗ ಎಲ್ಲ ಜಾಲತಾಣಗಳ ಪ್ರಮಾಣಪತ್ರಗಳೂ ಇನ್ನೂ ಜಾರಿಗೆ ಬಂದಿಲ್ಲವೆಂದು ಬ್ರೌಸರ್ ತಿಳಿಯುತ್ತದೆ.
* ಜಾಲತಾಣದವರೇ ಪ್ರಮಾಣಪತ್ರವನ್ನು ಸಕಾಲಕ್ಕೆ ನವೀಕರಿಸದಿರುವುದು, ಅಥವಾ ಸರಪಳಿಯ ನಡುವಣ ಪತ್ರವನ್ನು ಸರ್ವರಿನಲ್ಲಿ ಇಡದಿರುವುದು.
* ಪ್ರಮಾಣಪತ್ರದಲ್ಲಿರುವ ಹೆಸರು ವಿಳಾಸದೊಂದಿಗೆ ಹೊಂದದಿರುವುದು.
* ಸಾರ್ವಜನಿಕ ವೈ-ಫೈಗಳ ಲಾಗಿನ್ ಪುಟ. ಮೊಬೈಲ್ ಸಂಖ್ಯೆ ಮತ್ತು ಒಟಿಪಿ ನೀಡುವ ಮುನ್ನ ಬೇರೆ ಜಾಲತಾಣವನ್ನು ತೆರೆಯಹೊರಟರೆ ದೋಷ ಬರಬಹುದು.
* ಹಳೆಯ ಉಪಕರಣಗಳಲ್ಲಿ ಹೊಸ ಮೂಲ ಪ್ರಮಾಣಪತ್ರಗಳಿಲ್ಲದಿರುವುದು. ಲೆಟ್ಸ್ ಎನ್‌ಕ್ರಿಪ್ಟ್ ಪ್ರಾಧಿಕಾರವು ಅವಲಂಬಿಸಿದ್ದ ಹಳೆಯ ಮೂಲವೊಂದರ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿದಾಗ ಅನೇಕ ಹಳೆಯ ಉಪಕರಣಗಳಲ್ಲಿ ದೋಷಗಳು ಕಂಡುಬಂದವು.

== ಭದ್ರತೆಯ ಮೇಲಿನ ಪರಿಣಾಮ ==

ಪ್ರತಿಬಂಧದ ವ್ಯಾಪ್ತಿಯನ್ನು ಅಳೆದ ಪ್ರಮುಖ ಅಧ್ಯಯನವೊಂದು 2017ರ ಎನ್‌ಡಿಎಸ್‌ಎಸ್ ಸಮ್ಮೇಳನದಲ್ಲಿ ಪ್ರಕಟವಾಯಿತು. ಫೈರ್‌ಫಾಕ್ಸ್ ಪರಿಷ್ಕರಣಾ ಸರ್ವರುಗಳಿಗೆ ಬಂದ ಸಂಪರ್ಕಗಳಲ್ಲಿ ಶೇ. 4ರಷ್ಟು, ಕೆಲವು ಜನಪ್ರಿಯ ಮಾರಾಟ ತಾಣಗಳಲ್ಲಿ ಶೇ. 6.2ರಷ್ಟು ಮತ್ತು ಕ್ಲೌಡ್‌ಫ್ಲೇರ್ ಜಾಲದ ಅಮೆರಿಕದ ಸಂಪರ್ಕಗಳಲ್ಲಿ ಶೇ. 10.9ರಷ್ಟು ಪ್ರತಿಬಂಧಕ್ಕೆ ಒಳಗಾಗಿದ್ದವು. ಹೀಗೆ ಪ್ರತಿಬಂಧಿತವಾದ ಸಂಪರ್ಕಗಳಲ್ಲಿ ಭದ್ರತೆ ಮೊದಲಿಗಿಂತ ಕುಂದಿದವುಗಳ ಪ್ರಮಾಣವು ಕ್ರಮವಾಗಿ ಶೇ. 97, ಶೇ. 32 ಮತ್ತು ಶೇ. 54 ಆಗಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಯುಎಸ್-ಸರ್ಟ್ ಸಂಸ್ಥೆಯು ಇಂತಹ ಉಪಕರಣಗಳನ್ನು ಬಳಸುವ ಸಂಸ್ಥೆಗಳಿಗೆ ಎಚ್ಚರಿಕೆ ನೀಡಿತು.

ಭದ್ರತೆ ಕುಂದುವುದಕ್ಕೆ ಕಾರಣ ಸರಳವಾಗಿದೆ. ಪ್ರಮಾಣಪತ್ರ ಪರಿಶೀಲನೆಯನ್ನು ಬ್ರೌಸರ್ ತಯಾರಕರು ವರ್ಷಗಟ್ಟಲೆ ತಿದ್ದಿ ಗಟ್ಟಿಗೊಳಿಸಿದ್ದಾರೆ. ಪ್ರತಿಬಂಧಕ ತಂತ್ರಾಂಶವು ಆ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ. ಅದು ಹಳೆಯ ಗೂಢಲಿಪಿ ವಿಧಾನಗಳನ್ನು ಒಪ್ಪಿಕೊಂಡರೆ, ಅಥವಾ ಅವಧಿ ಮೀರಿದ ಪತ್ರಕ್ಕೂ ಹೊಸ ಪತ್ರವನ್ನು ತಯಾರಿಸಿಕೊಟ್ಟರೆ, ಬ್ರೌಸರ್ ಎಚ್ಚರಿಸಬೇಕಾದಲ್ಲಿ ಮೌನವಾಗಿರುತ್ತದೆ. ಈ ಮೌನವು ದೋಷ ಸಂದೇಶಕ್ಕಿಂತ ಹೆಚ್ಚು ಅಪಾಯಕಾರಿ.

ಪ್ರಮಾಣಪತ್ರ ಪಾರದರ್ಶಕತೆ ಎಂಬ ವ್ಯವಸ್ಥೆಯಲ್ಲಿ ಸಾರ್ವಜನಿಕ ಪ್ರಾಧಿಕಾರಗಳು ನೀಡುವ ಪತ್ರಗಳು ಎಲ್ಲರೂ ನೋಡಬಹುದಾದ ದಾಖಲೆಗಳಲ್ಲಿ ನಮೂದಾಗುತ್ತವೆ. ಕ್ರೋಮ್ 2018ರ ಏಪ್ರಿಲ್ 30ರ ನಂತರ ನೀಡಲಾದ ಪತ್ರಗಳಿಗೆ ಇದನ್ನು ಕಡ್ಡಾಯಗೊಳಿಸಿದೆ. ಆದರೆ ಕಂಪ್ಯೂಟರಿನ ಮಾಲೀಕರು ತಾವಾಗಿ ಸೇರಿಸಿದ ಮೂಲ ಪ್ರಮಾಣಪತ್ರಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದಕಾರಣ ಸ್ಥಳೀಯ ಪ್ರತಿಬಂಧವು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ.

== ಪ್ರಮುಖ ಘಟನೆಗಳು ==

=== ಡಿಜಿನೋಟಾರ್, 2011 ===
ನೆದರ್ಲೆಂಡ್ಸ್‌ನ ಈ ಪ್ರಾಧಿಕಾರದ ವ್ಯವಸ್ಥೆಗೆ ನುಗ್ಗಿದವರು 500ಕ್ಕೂ ಹೆಚ್ಚು ಕಪಟ ಪ್ರಮಾಣಪತ್ರಗಳನ್ನು ಸೃಷ್ಟಿಸಿದರು. ಗೂಗಲ್‌ನ ಹೆಸರಿನ ಪತ್ರವನ್ನು ಇರಾನ್‌ನ ಬಳಕೆದಾರರ ಮೇಲೆ ಪ್ರಯೋಗಿಸಲಾಯಿತು. ಬ್ರೌಸರ್‌ಗಳು ಡಿಜಿನೋಟಾರ್ ಅನ್ನು ಪಟ್ಟಿಯಿಂದ ತೆಗೆದುಹಾಕಿದವು ಮತ್ತು ಅದೇ ವರ್ಷ ಸಂಸ್ಥೆ ದಿವಾಳಿಯಾಯಿತು.

=== ಭಾರತದ ಎನ್‌ಐಸಿ ಪ್ರಮಾಣಪತ್ರಗಳು, 2014 ===
ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಅಡಿಯಲ್ಲಿ ಸ್ಥಾಪಿತವಾದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಅಧೀನದಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು, ಅಂದರೆ ಎನ್‌ಐಸಿ, ಪ್ರಮಾಣಪತ್ರಗಳನ್ನು ನೀಡುತ್ತಿತ್ತು. 2014ರ ಜುಲೈ 2ರಂದು ಗೂಗಲ್ ತನ್ನ ಹಲವು ವಿಳಾಸಗಳಿಗೆ ಎನ್‌ಐಸಿ ಮೂಲಕ ಅನಧಿಕೃತ ಪತ್ರಗಳು ಹೊರಬಿದ್ದಿರುವುದನ್ನು ಪತ್ತೆಹಚ್ಚಿತು. ನಿಯಂತ್ರಕರ ಮೂಲವು ವಿಂಡೋಸ್‌ನ ಪಟ್ಟಿಯಲ್ಲಿದ್ದುದರಿಂದ ಆ ಪತ್ರಗಳನ್ನು ವಿಂಡೋಸ್‌ನ ಹೆಚ್ಚಿನ ತಂತ್ರಾಂಶಗಳು ನಂಬುತ್ತಿದ್ದವು. ಪ್ರತ್ಯೇಕ ಪಟ್ಟಿ ಹೊಂದಿದ್ದ ಫೈರ್‌ಫಾಕ್ಸ್ ನಂಬುತ್ತಿರಲಿಲ್ಲ. ಮರುದಿನವೇ ನಿಯಂತ್ರಕರು ಎನ್‌ಐಸಿಯ ಮಧ್ಯಂತರ ಪ್ರಮಾಣಪತ್ರಗಳನ್ನು ರದ್ದುಗೊಳಿಸಿದರು. ಬಳಿಕ ಕ್ರೋಮ್ ಆ ಮೂಲದ ಮಾನ್ಯತೆಯನ್ನು ಜಿಒವಿ.ಇನ್, ಎನ್‌ಐಸಿ.ಇನ್ ಮೊದಲಾದ ಕೆಲವೇ ಭಾರತೀಯ ವಿಳಾಸಗಳಿಗೆ ಸೀಮಿತಗೊಳಿಸಿತು.

=== ಸೂಪರ್‌ಫಿಶ್, 2015 ===
ಲೆನೊವೊ ಸಂಸ್ಥೆಯು ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶವನ್ನು ಮೊದಲೇ ಅಳವಡಿಸಿ ಮಾರಿತ್ತು. ಎಲ್ಲ ಕಂಪ್ಯೂಟರುಗಳಲ್ಲಿಯೂ ಒಂದೇ ಮೂಲ ಪ್ರಮಾಣಪತ್ರ ಮತ್ತು ಒಂದೇ ಖಾಸಗಿ ಕೀಲಿ ಇದ್ದವು. 2015ರ ಫೆಬ್ರುವರಿಯಲ್ಲಿ ಆ ಕೀಲಿಯ ಗುಪ್ತಪದ ಬಹಿರಂಗವಾಯಿತು. ಆ ಮೂಲಕ ಯಾರು ಬೇಕಾದರೂ ಆ ಲ್ಯಾಪ್‌ಟಾಪ್‌ಗಳಿಗೆ ಬ್ಯಾಂಕಿನ ಹೆಸರಿನಲ್ಲಿ ಕಪಟ ಪುಟವನ್ನು ತೋರಿಸಬಹುದಾದ ಸ್ಥಿತಿ ಉಂಟಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಡೆಲ್ ಕಂಪ್ಯೂಟರುಗಳಲ್ಲಿಯೂ ಇಂತಹುದೇ ಮೂಲ ಪ್ರಮಾಣಪತ್ರ ಪತ್ತೆಯಾಯಿತು.

=== ಕ್ಯಾಸ್ಪರ್‌ಸ್ಕಿ, 2016 ===
ಈ ಆಂಟಿವೈರಸ್ ತಾನು ತಯಾರಿಸಿದ ಪತ್ರಗಳನ್ನು ಗುರುತಿಸಲು ಪ್ರತಿ ಪತ್ರಕ್ಕೂ ಕೇವಲ 32 ಬಿಟ್‌ಗಳ ಸಂಕೇತವನ್ನು ಬಳಸುತ್ತಿತ್ತು. ಒಂದೇ ಸಂಕೇತ ಬರುವ ಎರಡು ಪತ್ರಗಳನ್ನು ರೂಪಿಸುವುದು ಇದರಿಂದ ಸುಲಭವಾಗಿತ್ತು. ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಇದನ್ನು ತೋರಿಸಿಕೊಟ್ಟ ಬಳಿಕ 2016ರ ಡಿಸೆಂಬರ್‌ನಲ್ಲಿ ದೋಷವನ್ನು ಸರಿಪಡಿಸಲಾಯಿತು.

=== ಫೈರ್‌ಫಾಕ್ಸ್ 65, 2019 ===
2019ರ ಜನವರಿ ಕೊನೆಯಲ್ಲಿ ಬಿಡುಗಡೆಯಾದ ಫೈರ್‌ಫಾಕ್ಸ್ 65ರಲ್ಲಿ ಅವಾಸ್ಟ್ ಮತ್ತು ಎವಿಜಿ ಬಳಕೆದಾರರಿಗೆ ಬಹುತೇಕ ಎಲ್ಲ ಪುಟಗಳಲ್ಲೂ ಪ್ರಮಾಣಪತ್ರ ದೋಷ ಕಾಣಿಸಿತು. ಮೊಜಿಲ್ಲಾ ವಿಂಡೋಸ್‌ಗೆ ಸ್ವಯಂಚಾಲಿತ ಪರಿಷ್ಕರಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಆಂಟಿವೈರಸ್ ತಯಾರಕರು ಫೈರ್‌ಫಾಕ್ಸ್‌ಗೆ ಸಂಬಂಧಿಸಿದ ಪ್ರತಿಬಂಧವನ್ನು ನಿಲ್ಲಿಸಿದರು. ಅದೇ ವರ್ಷದ ಜುಲೈನಲ್ಲಿ ಬಂದ ಫೈರ್‌ಫಾಕ್ಸ್ 68, ಇಂತಹ ದೋಷ ಕಂಡಾಗ ಕಾರ್ಯಾಚರಣಾ ವ್ಯವಸ್ಥೆಗೆ ಸೇರಿಸಲಾದ ಮೂಲಗಳನ್ನೂ ಪರಿಗಣಿಸಿ ನೋಡುವ ವ್ಯವಸ್ಥೆಯನ್ನು ಅಳವಡಿಸಿಕೊಂಡಿತು.

=== ಕಜಕಿಸ್ತಾನ, 2019 ===
ಕಜಕಿಸ್ತಾನದಲ್ಲಿ ನಾಗರಿಕರು ಸರ್ಕಾರದ ಮೂಲ ಪ್ರಮಾಣಪತ್ರವನ್ನು ತಮ್ಮ ಉಪಕರಣಗಳಲ್ಲಿ ಅಳವಡಿಸಿಕೊಳ್ಳುವಂತೆ 2019ರ ಜುಲೈನಲ್ಲಿ ಸೂಚಿಸಲಾಯಿತು. ಗೂಗಲ್ ಮತ್ತು ಮೊಜಿಲ್ಲಾ ಆಗಸ್ಟ್‌ನಲ್ಲಿ ಆ ಪತ್ರವನ್ನು ತಮ್ಮ ಬ್ರೌಸರ್‌ಗಳಲ್ಲಿ ನಿರ್ಬಂಧಿಸಿದವು.

== ಬೀದರ್ ಜಿಲ್ಲೆಯಂತಹ ಪ್ರದೇಶಗಳಲ್ಲಿ ==

ಪ್ರಮಾಣಪತ್ರ ದೋಷದ ಪರಿಣಾಮವು ಕಂಪ್ಯೂಟರ್ ಯಾರದು ಎಂಬುದನ್ನು ಅವಲಂಬಿಸಿದೆ. ಕರ್ನಾಟಕದ ಉತ್ತರ ತುದಿಯ ಬೀದರ್ ಜಿಲ್ಲೆಯಲ್ಲಿ, ರಾಜ್ಯದ ಇತರೆಡೆಗಳಂತೆಯೇ, ಸೇವಾ ಸಿಂಧು ಅರ್ಜಿಗಳು, ಭೂಮಿ ತಂತ್ರಾಂಶದ ಪಹಣಿ, ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಸಿಇಟಿ ನೋಂದಣಿ, ಪಿಎಂ-ಕಿಸಾನ್ ಇ-ಕೆವೈಸಿ ಮುಂತಾದವು ಎಚ್‌ಟಿಟಿಪಿಎಸ್ ಜಾಲತಾಣಗಳ ಮೂಲಕವೇ ನಡೆಯುತ್ತವೆ. ಸ್ವಂತ ಕಂಪ್ಯೂಟರ್ ಇಲ್ಲದ ವಿದ್ಯಾರ್ಥಿ ಅಥವಾ ರೈತ ಇವುಗಳಿಗಾಗಿ ಬೀದರ್ ನಗರ, ಭಾಲ್ಕಿ ಅಥವಾ ಔರಾದದ ಸೈಬರ್ ಕೇಂದ್ರವನ್ನೋ ಕಾಲೇಜಿನ ಪ್ರಯೋಗಾಲಯವನ್ನೋ ಆಶ್ರಯಿಸಬೇಕಾಗುತ್ತದೆ. ಅಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಒಟಿಪಿಗಳನ್ನು ನಮೂದಿಸುವವನು ಅರ್ಜಿದಾರ. ಆ ಕಂಪ್ಯೂಟರಿನ ನಂಬಿಕೆಯ ಪಟ್ಟಿಯಲ್ಲಿ ಯಾವ ಮೂಲ ಪ್ರಮಾಣಪತ್ರಗಳಿವೆ ಎಂಬುದನ್ನು ತೀರ್ಮಾನಿಸುವವರು ಬೇರೆಯವರು.

ಕೊನೆಯ ದಿನಾಂಕ ಹತ್ತಿರವಿದ್ದಾಗ ದೋಷ ಸಂದೇಶ ಬಂದರೆ “ಅಡ್ವಾನ್ಸ್‌ಡ್” ಗುಂಡಿಯನ್ನು ಒತ್ತಿ ಮುಂದುವರಿಯುವ ಒತ್ತಡ ಹೆಚ್ಚು. ಕನ್ನಡ, ಮರಾಠಿ, ಉರ್ದು, ತೆಲುಗು ಬಳಕೆಯಲ್ಲಿರುವ ಈ ಭಾಗದಲ್ಲಿ ಸಂದೇಶವು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರುವುದರಿಂದ ಅರ್ಜಿದಾರನಿಗೆ ಅದರ ಅರ್ಥ ತಲುಪದೆಯೂ ಇರಬಹುದು. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳ ಭಾಷೆಯನ್ನು ಸಂಯೋಜನೆಗಳಲ್ಲಿ ಕನ್ನಡಕ್ಕೆ ಬದಲಾಯಿಸಿಕೊಳ್ಳಲು ಅವಕಾಶವಿದೆ. ಎಚ್ಎಸ್‌ಟಿಎಸ್ ಎಂಬ ನಿಯಮವನ್ನು ಅನುಸರಿಸುವ ಜಾಲತಾಣಗಳಲ್ಲಿ ಮುಂದುವರಿಯುವ ಆಯ್ಕೆಯೇ ಇರುವುದಿಲ್ಲ. ಅದು ದೋಷವಲ್ಲ, ಉದ್ದೇಶಪೂರ್ವಕ ರಕ್ಷಣೆ.

== ಗುರುತಿಸುವ ವಿಧಾನ ==

ಕಾರಣವನ್ನು ಪತ್ತೆಹಚ್ಚಲು ವಿಶೇಷ ಉಪಕರಣ ಬೇಕಿಲ್ಲ. ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ:

# ಕಂಪ್ಯೂಟರಿನ ದಿನಾಂಕ, ವರ್ಷ ಮತ್ತು ಸಮಯವಲಯವನ್ನು ನೋಡುವುದು.
# ಸಂಬಂಧವಿಲ್ಲದ ಎರಡು ಮೂರು ಜಾಲತಾಣಗಳನ್ನು ತೆರೆಯುವುದು. ಒಂದರಲ್ಲಿ ಮಾತ್ರ ದೋಷವಿದ್ದರೆ ತಪ್ಪು ಆ ಜಾಲತಾಣದ್ದಾಗಿರುವ ಸಾಧ್ಯತೆ ಹೆಚ್ಚು. ಎಲ್ಲದರಲ್ಲೂ ಇದ್ದರೆ ಕಾರಣ ಕಂಪ್ಯೂಟರಿನಲ್ಲಿ ಅಥವಾ ಜಾಲದಲ್ಲಿದೆ.
# ಅದೇ ಜಾಲತಾಣವನ್ನು ಮೊಬೈಲ್ ಡೇಟಾ ಬಳಸಿ ಫೋನಿನಲ್ಲಿ ತೆರೆಯುವುದು. ಬಳಿಕ ಅದೇ ಫೋನನ್ನು ಅಲ್ಲಿನ ವೈ-ಫೈಗೆ ಸೇರಿಸಿ ಮತ್ತೆ ನೋಡುವುದು. ವೈ-ಫೈನಲ್ಲಿ ಮಾತ್ರ ದೋಷ ಬಂದರೆ ಪ್ರತಿಬಂಧ ಜಾಲದಲ್ಲಿದೆ. ಎರಡರಲ್ಲೂ ಸರಿಯಿದ್ದು ಕಂಪ್ಯೂಟರಿನಲ್ಲಿ ಮಾತ್ರ ದೋಷವಿದ್ದರೆ ಕಾರಣ ಆ ಕಂಪ್ಯೂಟರಿನಲ್ಲಿದೆ.
# ವಿಳಾಸದ ಪಕ್ಕದ ಚಿಹ್ನೆಯನ್ನು ಒತ್ತಿ ಪ್ರಮಾಣಪತ್ರದ ವಿವರವನ್ನು ತೆರೆದು, ಅದನ್ನು ನೀಡಿದವರ ಹೆಸರನ್ನು ಓದುವುದು.

ನೀಡಿದವರ ಸ್ಥಾನದಲ್ಲಿ “ಅವಾಸ್ಟ್ ವೆಬ್/ಮೇಲ್ ಶೀಲ್ಡ್ ರೂಟ್”, “ಇಸೆಟ್ ಎಸ್‌ಎಸ್‌ಎಲ್ ಫಿಲ್ಟರ್ ಸಿಎ”, “ಕ್ಯಾಸ್ಪರ್‌ಸ್ಕಿ ಆಂಟಿ-ವೈರಸ್ ಪರ್ಸನಲ್ ರೂಟ್ ಸರ್ಟಿಫಿಕೇಟ್” ಮುಂತಾದ ಹೆಸರುಗಳಿದ್ದರೆ ಅದು ಆಂಟಿವೈರಸ್‌ನ ಪ್ರತಿಬಂಧ. ಫೈರ್‌ವಾಲ್ ತಯಾರಕರ ಅಥವಾ ಸಂಸ್ಥೆಯ ಹೆಸರಿದ್ದರೆ ಅದು ಜಾಲದ ಪ್ರತಿಬಂಧ. ಬೀಗದ ಚಿಹ್ನೆ ಸರಿಯಾಗಿದ್ದು ಯಾವ ದೋಷವೂ ಕಾಣದಿದ್ದಾಗಲೂ ಈ ಪರೀಕ್ಷೆ ಉಪಯುಕ್ತ. ಆದರೆ ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದಾದುದರಿಂದ, ಆ ಆಂಟಿವೈರಸ್ ನಿಜವಾಗಿಯೂ ಕಂಪ್ಯೂಟರಿನಲ್ಲಿದೆಯೇ ಎಂದೂ ನೋಡಬೇಕಾಗುತ್ತದೆ.

== ಪರಿಹಾರ ==

ಸ್ವಂತ ಕಂಪ್ಯೂಟರಿನಲ್ಲಿ ಆಂಟಿವೈರಸ್‌ನಿಂದ ದೋಷ ಉಂಟಾಗಿದ್ದರೆ ಮೊದಲು ಬ್ರೌಸರ್ ಮತ್ತು ಆಂಟಿವೈರಸ್ ಎರಡನ್ನೂ ಪರಿಷ್ಕರಿಸಲಾಗುತ್ತದೆ. ಅದರಿಂದ ಸರಿಹೋಗದಿದ್ದರೆ ಆಂಟಿವೈರಸ್‌ನ ಸಂಯೋಜನೆಗಳಲ್ಲಿ ಎಚ್‌ಟಿಟಿಪಿಎಸ್ ಅಥವಾ ಗೂಢಲಿಪೀಕೃತ ಸಂಪರ್ಕಗಳ ಪರಿಶೀಲನೆಯನ್ನು ಮಾತ್ರ ನಿಲ್ಲಿಸಬಹುದು. ಇದರಿಂದ ಕಡತಗಳ ವೈರಸ್ ಪರೀಕ್ಷೆ ನಿಲ್ಲುವುದಿಲ್ಲ, ಏಕೆಂದರೆ ಡೌನ್‌ಲೋಡ್ ಆದ ಕಡತವು ಡಿಸ್ಕಿಗೆ ಬಂದಾಗ ಅಥವಾ ತೆರೆಯುವಾಗ ಪರೀಕ್ಷೆಗೆ ಒಳಪಡುತ್ತದೆ. ಬಳಕೆಯಲ್ಲಿಲ್ಲದ ಆಂಟಿವೈರಸ್‌ನ ಅವಶೇಷಗಳನ್ನು ಅದರ ತಯಾರಕರೇ ಒದಗಿಸುವ ಸಾಧನದಿಂದ ತೆಗೆಯುವುದು ಉತ್ತಮ.

ಸಂಸ್ಥೆಯ ಜಾಲದಲ್ಲಿ ದೋಷ ಬಂದರೆ ಜಾಲದ ಆಡಳಿತಗಾರರೇ ಅದನ್ನು ಸರಿಪಡಿಸಬೇಕು. ವೈ-ಫೈ ಬಳಸಲು ವೈಯಕ್ತಿಕ ಫೋನಿನಲ್ಲಿ ಸಂಸ್ಥೆಯ ಮೂಲ ಪ್ರಮಾಣಪತ್ರವನ್ನು ಅಳವಡಿಸಿಕೊಳ್ಳುವುದೆಂದರೆ, ಆ ಜಾಲದಲ್ಲಿರುವಾಗ ಬ್ರೌಸರಿನಲ್ಲಿ ನಡೆಯುವ ಎಲ್ಲ ವ್ಯವಹಾರವನ್ನೂ ಓದಲು ಅದಕ್ಕೆ ಅನುಮತಿ ನೀಡಿದಂತೆ. 2016ರ ಆಂಡ್ರಾಯ್ಡ್ 7ರಿಂದ ಈಚೆಗೆ, ಬಳಕೆದಾರರು ಹೀಗೆ ಸೇರಿಸಿದ ಮೂಲಗಳನ್ನು ಆ್ಯಪ್‌ಗಳು ಪೂರ್ವನಿಯೋಜಿತವಾಗಿ ನಂಬುವುದಿಲ್ಲ.

ಹಂಚಿಕೆಯ ಕಂಪ್ಯೂಟರಿನಲ್ಲಿ ಪ್ರಮಾಣಪತ್ರ ದೋಷ ಕಂಡಾಗ ಗುಪ್ತಪದ, ಒಟಿಪಿ ಅಥವಾ ಬ್ಯಾಂಕ್ ವಿವರಗಳನ್ನು ನಮೂದಿಸದಿರುವುದೇ ಸುರಕ್ಷಿತ. ಮೊಬೈಲ್ ಡೇಟಾದಲ್ಲಿ ಅದೇ ಕೆಲಸವನ್ನು ಮುಗಿಸಲು ಸಾಧ್ಯವಿದ್ದರೆ ಅದು ಉತ್ತಮ ಪರ್ಯಾಯ.

== ಸಮರ್ಥನೆ ಮತ್ತು ಟೀಕೆ ==

ದುರುದ್ದೇಶದ ತಂತ್ರಾಂಶಗಳೂ ಎಚ್‌ಟಿಟಿಪಿಎಸ್ ಮೂಲಕವೇ ಹರಡುವುದರಿಂದ ಒಳಗೆ ನೋಡದೆ ರಕ್ಷಣೆ ಸಾಧ್ಯವಿಲ್ಲವೆಂದು ಭದ್ರತಾ ತಂತ್ರಾಂಶ ತಯಾರಕರು ವಾದಿಸುತ್ತಾರೆ. ಸಂಸ್ಥೆಗಳು ತಮ್ಮ ದತ್ತಾಂಶ ಹೊರಹೋಗದಂತೆ ತಡೆಯುವ ಅಗತ್ಯವನ್ನು ಮುಂದಿಡುತ್ತವೆ. ಬ್ರೌಸರ್ ತಯಾರಕರು ಮತ್ತು ಅನೇಕ ಸಂಶೋಧಕರು ಇದನ್ನು ಒಪ್ಪುವುದಿಲ್ಲ. ತುದಿಯಿಂದ ತುದಿಗೆ ಇರಬೇಕಾದ ನಂಬಿಕೆಯನ್ನು ನಡುವೆ ಮುರಿದು ಜೋಡಿಸುವುದರಿಂದ ಒಂದೇ ಕಡೆ ಬಿದ್ದ ಬಿರುಕು ಎಲ್ಲ ಜಾಲತಾಣಗಳಿಗೂ ಹಬ್ಬುತ್ತದೆ ಎಂಬುದು ಅವರ ಆಕ್ಷೇಪ. ಪದೇ ಪದೇ ಬರುವ ಅಕಾರಣ ಎಚ್ಚರಿಕೆಗಳಿಂದ ಜನರು ನಿಜವಾದ ಎಚ್ಚರಿಕೆಯನ್ನೂ ಕಡೆಗಣಿಸುವ ಅಭ್ಯಾಸಕ್ಕೆ ಬೀಳುತ್ತಾರೆ ಎಂಬುದು ಇನ್ನೊಂದು ಟೀಕೆ.